ಕಿವೀಲೆ ನೋಡಿದ ಸಿನಿಮಾ

ರಾತ್ರಿ ಒಂಬತ್ತಾತಂದ್ರ ಟಿವಿ ನಮ್ಮತ್ತೀದು.
ಗಾಜಿಗೆ ಮೂಗು ತಾಗೂವಷ್ಟು ಸನೇಕ್ಕ
ಸ್ಟೂಲ್ ಎಳಕೊಂಡು ಕೂಡತಾಳ.
ಕಿವಿ ಕೇಳಂಗಿಲ್ಲ ಆಕಿಗೆ, ಹನ್ನೊಂದು ವರ್ಷಾತು.
ನಾ ಗ್ವಾಡಿಗೆ ಬೆನ್ನ ಹಚ್ಚಿ
ತೊಡಿ ಮ್ಯಾಲೆ ಮಂದಿ ಜಂಪರ್ ಹರವಿಕೊಂಡು
ಹುಕ್ಕು, ಕಾಜಾ, ಹೆಮ್ಮಿಂಗು.
ತಲಿ ಎತ್ತಿದರ ಸೂಜಿ ಬೆರಳಿಗೆ.
ಹಿಂಗಾಗಿ ಆಕಿ ನೋಡತಾಳ, ನಾ ಕೇಳತೀನಿ.
ಇಬ್ಬರಿಗೂ ಕೂಡಿ ಒಂದ ಸಿನಿಮಾ.

ಪೆನ್ ಡ್ರೈವ್ ತರಾಂವ ಹಿಂದಿನ ಮನಿ ಇಮಾಮಸಾಬನ ಮಗ ಮುನಾಫ.
ಹೆಸರು ಕೇಳಬ್ಯಾಡ್ರಿ, ನಮಗ ನೆನಪಿರಂಗಿಲ್ಲ.
ಲಾರೀದು,
ನಾಯಿ ಸಾಯೂದು,
ಅಕ್ಕ ತಂಗಿ ಮಾತ ಬಿಟ್ಟದ್ದು,
ಹಿಂಗ ಗುರುತ ಇಟಗೊಂಡೀವಿ.

ನನ್ನ ಅಭಿಪ್ರಾಯ ಕೇಳಿದ್ರ
(ಯಾರೂ ಕೇಳಿಲ್ಲ, ಆದರೂ ಹೇಳತೀನಿ)
ಸಿನಿಮಾದಾಗಿನ ಅವ್ವಂದಿರು ಮಶಿನ್ ತುಳಿಯೂದು ನನಗ ಸೇರೂದಿಲ್ಲ.
ಬರೇ ಗಾಲಿ ತಿರಗತೈತಿ,
ಸೂಜಿ ಅರಬಿಗೆ ಇಳದ ಸಪ್ಪಳಿಲ್ಲ.
ಖಾಲಿ ಬಾಬಿನ್ ಹಾಕ್ಕೊಂಡು
ಮಗನ್ನ ಡಾಕ್ಟರ್ ಮಾಡ್ಯಾಳಂತ!
ಒಂದು ವರ್ಷದ ಫೀಗೆ ಎಷ್ಟು ಜಂಪರ್ ಹೊಲೀಬೇಕು,
ನಾ ಲೆಕ್ಕ ಹಾಕೀನಿ. ಬಿಡ್ರಿ ಅದನ್ನ.

ಇನ್ನೊಂದ್ರಾಗ ಹೀರೋಯಿನ್ ಅಳತಾಳ,
ನಳದ ಮುಂದ ನಿಂತು, ನಳಾ ಬಿಟ್ಟು.
ಬೆಟಗೇರ್ಯಾಗ ನೀರು ಎಂಟು ದಿನಕ್ಕ, ಒಮ್ಮೊಮ್ಮೆ ಹತ್ತಕ್ಕ.
ಆಕಿ ಬಿಕ್ಕೂದು ನನಗ ಮುಟ್ಟಲೇ ಇಲ್ಲ,
ಜುಳುಜುಳು ಅನ್ನೂದಷ್ಟ.
"ಮೊದಲ ಅದನ್ನ ಬಂದ್ ಮಾಡಬೇ ನಮ್ಮವ್ವಾ" ಅಂದೆ ಜೋರಲೆ.
ಅತ್ತಿ ಹೊಳ್ಳಿ ನೋಡಿ, "ಏನಂತ?" ಅಂದ್ಲು.
"ಗಂಡ ಬಿಟ್ಟಾನಂತ" ಅಂದೆ.

ಜಗಳಾ ಹತ್ತೂದು ಕೆಟ್ಟಾಂವ ಯಾರಂಬೂದಕ್ಕ.
ಹೋದ ತಿಂಗಳದ್ರಾಗ ಒಬ್ಬ ವಕೀಲ ಇದ್ದ.
ಅತ್ತಿ ಅಂದ್ಲು: ಹಣಿ ತುಂಬ ವಿಭೂತಿ, ಕಣ್ಣಾಗ ನೀರು,
ದೇವರಂಥಾ ಮನಶಾ.
ನಾ ಅಂದೆ: ಮಾತಿನ ನಡಕ ಉಗುಳು ನುಂಗತಾನ,
"ನಾಳೆ ರೊಕ್ಕಾ ಕೊಡತೀನಿ" ಅಂದು
ಜಂಪರ್ ಒಯ್ಯಾಕಿ ದನಿ ಅದು, ನನಗ ಗೊತ್ತಿಲ್ಲೇನು?
ಸೋತಾಕಿ ಮಿರ್ಚಿ ತರಸಬೇಕಂತ ಬಾಜಿ ಕಟ್ಟಿದಿವಿ.
ಕೋರ್ಟಿನಾಗ ಆಂವ ಎದ್ದು ನಿಂತ, ಕೆಮ್ಮಿದ,
ಅಷ್ಟರಾಗ ಓಣ್ಯಾಗ ಯಾರೋ ಒದರಿದರು:
ನಳಾ ಬಂದಾವ!

ಹದಿನಾಲ್ಕು ಕೊಡ, ಎರಡು ಬ್ಯಾರಲ್.
ಸೀರಿ ತೋಯಿಸಿಕೊಂಡು ಒಳಗ ಬಂದ್ರ
ಟಿವಿ ನೀಲಿ ಆಗಿತ್ತು.
"ಏನ ಮಾಡಿದ ವಕೀಲ?"
"ಕೋಟ್ ಕಳದು ಆ ಹುಡಿಗಿ ಕೈಯಾಗ ಕೊಟ್ಟ. ನಕ್ಕ."
"ಏನಂದ?"
"ಅದನ್ನ ನೀ ಹೇಳಬೇಕಿತ್ತು."
ಇವತ್ತಿನ ತನಕ ಮಿರ್ಚಿ ಬಂದಿಲ್ಲ.
ಮುನಾಫನ್ನ ಕೇಳಬಹುದು, ಆಂವ ನೋಡಿರತಾನ.
ಇಬ್ಬರೂ ಕೇಳಿಲ್ಲ.

ಮೊನ್ನೆ ಅಮಾಸಿ ರಾತ್ರಿ ಹಾಕಿದ್ದು ಯಾವ ಊರದೋ ಏನೋ.
ಹಾಡಿಲ್ಲ, ಬಡದಾಟಿಲ್ಲ,
ಹಿಂದ ಪಿಟೀಲು ಸುದ್ದಾ ಇಲ್ಲ.
ದನಿ ಕೆಟ್ಟೈತೇನಂತ ತಲಿ ಎತ್ತಿದೆ.

ಒಬ್ಬ ಮುದುಕ ಕಿಟಕಿ ಬೆಳಕಿಗೆ ಸೂಜಿ ಹಿಡದು
ದಾರಾ ಪೋಣಸ್ತಿದ್ದ.
ತುದಿ ಬಾಯಾಗ ಹಸಿ ಮಾಡಿದ. ತಪ್ಪಿತು.
ಮತ್ತೊಮ್ಮೆ. ದಾರಾ ಸೀಳಿತು.
ಕತ್ತರಿ ಹುಡುಕಲಿಲ್ಲ, ಹಲ್ಲೀಲೆ ಕಡದ.
ಹೌದು, ಹಂಗ.
ಮೂರನೇದಕ್ಕೂ ಹೋಗಲಿಲ್ಲ.
ಅತ್ತಿ ನನ್ನ ಮೊಣಕಾಲು ಅಳ್ಳಾಡಿಸಿ
"ಏನಂದ? ಏನಂದ?"
"ಏನೂ ಅಂದಿಲ್ಲತ್ತಿ."
"ಸುಳ್ಳ ಹೇಳಬ್ಯಾಡ,
ಇಷ್ಟೊತ್ತು ಬಾಯಿ ಆಡಸ್ಯಾನ."

ಮುಂಜಾನೆ ನೋಡತೀನಿ,
ಗುರುವಿನಮಠ ಟೀಚರ್ ಜಂಪರಿಗೆ
ಹುಕ್ಕು ಐದಕ್ಕ ಐದೂ ಹೊರಗ ಮಾರಿ ಮಾಡಿ ಹಚ್ಚೀನಿ.
ಮುನಾಫ ಬಾಗಿಲದಾಗ ಬಂದು ನಿಂತ,
"ಹೆಂಗಿತ್ತು ಚಿಗವ್ವಾ?"
"ಐದೂ ಉಲ್ಟಾ" ಅಂದೆ.
ಅವಂಗೇನು ತಿಳೀತೋ, ಪೆನ್ ಡ್ರೈವ್ ಕಿಸೇದಾಗ ಇಟಗೊಂಡು ಹೋದ.
ನಾ ಬ್ಲೇಡ್ ಎಲ್ಲಿಟ್ಟೀನಂತ ಹುಡಕಾಕ ಹತ್ತಿದೆ.